ಸ್ಟ್ರಿಂಗ್ ಆಫ್ ಪರ್ಲ್ಸ್: ಕರಾವಳಿಯ ಮನೆಯಲ್ಲಿ ನೀರು ಎಷ್ಟು, ಯಾವಾಗ?

ಪ್ರಶ್ನೆ: ಮೇ ಮೊದಲ ವಾರ ನರ್ಸರಿಯಿಂದ 4 ಇಂಚಿನ ಪ್ಲಾಸ್ಟಿಕ್ ಚಟ್ಟಿಯಲ್ಲಿ ಸ್ಟ್ರಿಂಗ್ ಆಫ್ ಪರ್ಲ್ಸ್ ಗಿಡ ತಂದು ಸಿಟೌಟಿನ ಮಾಡಿನ ಕೊಕ್ಕೆಗೆ ತೂಗುಹಾಕಿದ್ದೇನೆ. ವಾರಕ್ಕೊಮ್ಮೆ ನೀರು ಸಾಕು ಎಂದಿದ್ದರು. ಸೆಕೆ ಜಾಸ್ತಿ ಇದ್ದುದರಿಂದ ವಾರಕ್ಕೆ ಎರಡು ಸಲ ಅರ್ಧ ಲೋಟ ಹಾಕುತ್ತಿದ್ದೆ. ಮೊದಲ ತಿಂಗಳು ಚೆನ್ನಾಗಿಯೇ ಇತ್ತು. ಈಗ ಜುಲೈಯಲ್ಲಿ ಮೇಲ್ಭಾಗದ ಮಣಿಗಳು (ಗುಂಡಗಿನ ಎಲೆಗಳು) ಒಣದ್ರಾಕ್ಷಿಯ ಹಾಗೆ ಸುಕ್ಕಾಗಿವೆ. ಕೆಲವು ಮಂಕಾಗಿ, ನೀರು ತುಂಬಿದ ಗುಳ್ಳೆಯಂತಾಗಿ, ಮುಟ್ಟಿದರೆ ಒಡೆಯುತ್ತವೆ. ಸುಕ್ಕು ನೋಡಿ ನೀರು ಸಾಲದೆಂದು ದಿನ ಬಿಟ್ಟು ದಿನ ಹಾಕಿದೆ, ಇನ್ನೂ ಕೆಟ್ಟಿತು. ಇಳಿಬಿದ್ದ ಎಳೆಗಳ ತುದಿ ಮಾತ್ರ ಹಸಿರಾಗಿದೆ. ಉಳಿಸಲು ಆಗುತ್ತದೆಯೇ? ನಮ್ಮ ಊರಿನಲ್ಲಿ ಇದಕ್ಕೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?
ಕಟಪಾಡಿಯ ಓದುಗರು

ಉತ್ತರ: ತುದಿ ಹಸಿರಾಗಿದ್ದರೆ ಗಿಡ ಉಳಿಯುತ್ತದೆ. ಆದರೆ ಈಗಿರುವ ಬೇರಿನ ಮೇಲೆ ಉಳಿಯುವುದಿಲ್ಲ, ಆ ಬೇರು ಹೋಗಿದೆ. ಇವತ್ತೇ ನೀರು ನಿಲ್ಲಿಸಿ, ಕೊಕ್ಕೆಯಿಂದ ಇಳಿಸಿ, ಹಸಿರು ತುದಿಗಳನ್ನು ಕತ್ತರಿಸಿ ತೆಗೆಯಿರಿ. ಕೊಳೆ ಕಾಂಡದ ಮೂಲಕ ದಿನಕ್ಕೆ ಒಂದೆರಡು ಸೆಂಟಿಮೀಟರ್ ಇಳಿದರೂ ಇನ್ನೊಂದು ವಾರದಲ್ಲಿ ಕತ್ತರಿಸಲು ಏನೂ ಉಳಿದಿರುವುದಿಲ್ಲ.

ನೀರು ಹೆಚ್ಚಾದರೂ ಮಣಿ ಸುಕ್ಕಾಗುತ್ತದೆ, ಕಡಿಮೆಯಾದರೂ ಸುಕ್ಕಾಗುತ್ತದೆ. ಈ ಗಿಡ ಸಾಯುವುದು ಹೆಚ್ಚಾಗಿ ಈ ಗೊಂದಲದಿಂದಲೇ. ಬೇರು ಕೊಳೆತಾಗ ಮಣ್ಣಿನಲ್ಲಿ ನೀರಿದ್ದರೂ ಮೇಲೆ ಎಳೆದುಕೊಳ್ಳಲು ಗಿಡಕ್ಕೆ ದಾರಿ ಇರುವುದಿಲ್ಲ. ಮಣಿಯೊಳಗೆ ಕೂಡಿಟ್ಟ ನೀರನ್ನೇ ಖರ್ಚು ಮಾಡುತ್ತಾ ಅದು ಬತ್ತುತ್ತದೆ. ಹಾಗಾಗಿ ಮಣಿಯನ್ನು ಮಾತ್ರ ನೋಡಿ ನೀರು ಹಾಕಬಾರದು, ಮಣ್ಣನ್ನೂ ನೋಡಬೇಕು. ಮಣ್ಣು ಒಣಗಿ ಚಟ್ಟಿ ಹಗುರವಾಗಿದ್ದು ಮಣಿ ಸುಕ್ಕಾಗಿದ್ದರೆ ಅದು ಬಾಯಾರಿಕೆ. ನೀರು ಹಾಕಿದ ಒಂದೆರಡು ದಿನದಲ್ಲಿ ಮಣಿ ಮತ್ತೆ ಬಿಗಿಯಾಗುತ್ತದೆ. ಮಣ್ಣು ಹಸಿಯಾಗಿದ್ದೂ ಮಣಿ ಸುಕ್ಕಾಗಿದ್ದರೆ ಬೇರು ಕೊಳೆತಿದೆ ಎಂದೇ ತಿಳಿಯಿರಿ. ಮಂಕಾಗಿ ಒಡೆಯುವ ಮಣಿಗಳು ನಿಮ್ಮಲ್ಲಿ ಇರುವುದರಿಂದ ಅನುಮಾನಕ್ಕೆ ಜಾಗವೇ ಇಲ್ಲ. ಬಾಯಾರಿದ ಮಣಿ ಎಂದೂ ಹಾಗೆ ಗಾಜಿನಂತೆ ಆಗುವುದಿಲ್ಲ.

ಖಚಿತಪಡಿಸಿಕೊಳ್ಳಬೇಕೆಂದಿದ್ದರೆ ಚಟ್ಟಿಯಿಂದ ಮಣ್ಣಿನ ಗಡ್ಡೆಯನ್ನು ಹೊರಗೆ ತೆಗೆಯಿರಿ. ಆರೋಗ್ಯದ ಬೇರು ಬಿಳಿ ಅಥವಾ ತಿಳಿಕಂದು ಬಣ್ಣದ ತೆಳ್ಳಗಿನ ದಾರದ ಹಾಗಿರುತ್ತದೆ, ಎಳೆದರೆ ಸ್ವಲ್ಪ ತಡೆಯುತ್ತದೆ. ಕೊಳೆತದ್ದು ಕಪ್ಪಾಗಿ, ಬೆರಳಲ್ಲಿ ಹಿಡಿದೆಳೆದರೆ ಸಿಪ್ಪೆ ಜಾರಿ ಒಳಗಿನ ನೂಲು ಮಾತ್ರ ಕೈಯಲ್ಲಿ ಉಳಿಯುತ್ತದೆ. ಕೆಸರಿನ ವಾಸನೆ ಬರುತ್ತದೆ.

ಈಗ ಉಳಿಸುವ ಕೆಲಸ

ಪ್ರತಿ ಎಳೆಯನ್ನೂ ತುದಿಯಿಂದ ಮೇಲಕ್ಕೆ ನೋಡುತ್ತಾ ಬನ್ನಿ. ಕಾಂಡ ಹಸಿರಾಗಿ ಗಟ್ಟಿ ಇರುವಲ್ಲಿಯವರೆಗೆ ಒಳ್ಳೆಯದು. ಎಲ್ಲಿ ಕಂದು ಬಣ್ಣಕ್ಕೆ ತಿರುಗಿದೆಯೋ ಅಲ್ಲಿಂದ 2 ಸೆಂಟಿಮೀಟರ್ ಕೆಳಗೆ ಚೂಪಾದ ಕತ್ತರಿಯಿಂದ ಕತ್ತರಿಸಿ. ಕತ್ತರಿಸಿದ ಮುಖ ಪೂರ್ತಿ ಹಸಿರಾಗಿರಬೇಕು. ನಡುವೆ ಕಂದು ಚುಕ್ಕೆ ಕಂಡರೆ ಇನ್ನೂ ಕೆಳಗೆ ಹೋಗಿ. ಒಂದು ಎಳೆ ಮುಗಿದ ಮೇಲೆ ಕತ್ತರಿಯನ್ನು ಸ್ಪಿರಿಟ್‌ನಿಂದ ಒರೆಸಿ ಮುಂದಿನದಕ್ಕೆ ಹೋಗಿ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಇದೆಯಲ್ಲ, ಅದೇ ಬಳಗದ ಜೀವಿಗಳೂ ಅವುಗಳ ಸಂಬಂಧಿಯಾದ ಪೈಥಿಯಂ ಕೂಡ ಇಂಥ ಬೇರು ಕೊಳೆಗೆ ಸಾಮಾನ್ಯ ಕಾರಣ. ನೀರಿನಲ್ಲಿ ಈಜುವ ಬೀಜಾಣುಗಳ ಮೂಲಕ ಅವು ಹರಡುತ್ತವೆ, ಒದ್ದೆ ಕತ್ತರಿಯೂ ಅವುಗಳಿಗೆ ದಾರಿಯಾದೀತು. ಕೊಳೆತ ಬೇರಿಗೆ ಶಿಲೀಂಧ್ರನಾಶಕ ಸುರಿಯುವುದರಿಂದ ಪ್ರಯೋಜನವಿಲ್ಲ, ಸತ್ತ ಬೇರು ಮತ್ತೆ ಚಿಗುರುವುದಿಲ್ಲ.

ತುಂಡುಗಳು 8ರಿಂದ 10 ಸೆಂಟಿಮೀಟರ್ ಉದ್ದ ಇರಲಿ. ಕಾಗದದ ಮೇಲೆ ಹರಡಿ, ಫ್ಯಾನಿನ ಗಾಳಿ ಬೀಳುವ ನೆರಳಿನಲ್ಲಿ ಎರಡು ದಿನ ಬಿಡಿ. ಒಣ ಹವೆಯಲ್ಲಿ ಒಂದು ದಿನ ಸಾಕಾಗುತ್ತದೆ, ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಕತ್ತರಿಸಿದ ಗಾಯ ಒಣಗಿ ಪೊರೆ ಕಟ್ಟಲು ಎರಡು ದಿನ ಬೇಕು.

ಆಮೇಲೆ ನೆಡುವುದು. ಇದನ್ನು ಮಣ್ಣೊಳಗೆ ಚುಚ್ಚಿ ನೆಡುವುದಕ್ಕಿಂತ ಮೇಲೆ ಮಲಗಿಸುವುದು ಒಳ್ಳೆಯದು. ಮಣಿ ಕಾಂಡಕ್ಕೆ ಸೇರುವ ಗಿಣ್ಣಿನಿಂದ ಬೇರು ಬರುತ್ತದೆ. ಕಾಡಿನಲ್ಲೂ ಈ ಗಿಡ ಹಾಗೆಯೇ ನೆಲದ ಮೇಲೆ ಹರಿದಾಡುತ್ತಾ ಹೋದಲ್ಲೆಲ್ಲ ಬೇರು ಬಿಡುತ್ತದೆ. ತುಂಡುಗಳನ್ನು ಚಕ್ಕುಲಿಯ ಹಾಗೆ ಸುತ್ತಿ ಮಣ್ಣಿನ ಮೇಲಿಟ್ಟು, ಹಿಡಿಸೂಡಿ (ಪೊರಕೆ) ಕಡ್ಡಿಯನ್ನು 5 ಸೆಂಟಿಮೀಟರ್ ತುಂಡು ಮಾಡಿ ನಡುವೆ ಮಡಚಿ, ಕಾಂಡ ಮಣ್ಣಿಗೆ ತಾಗುವಂತೆ ಅಲ್ಲಲ್ಲಿ ಒತ್ತಿ. ಹಳೆಯ ಹೇರ್‌ಪಿನ್ ಇದ್ದರೂ ಆಗುತ್ತದೆ, ತುಕ್ಕು ಹಿಡಿಯುವ ಮೊದಲು ಅದರ ಕೆಲಸ ಮುಗಿದಿರುತ್ತದೆ. ಮೊದಲ ಐದು ದಿನ ನೀರು ಬೇಡ. ಆರನೇ ದಿನ ಚಟ್ಟಿಯ ಸುತ್ತ ಮೂರು ಚಮಚ ನೀರು, ಅನಂತರ ನಾಲ್ಕೈದು ದಿನಕ್ಕೊಮ್ಮೆ ಅಷ್ಟೇ. ಎರಡರಿಂದ ನಾಲ್ಕು ವಾರದಲ್ಲಿ ಬೇರು ಹಿಡಿಯುತ್ತದೆ. ತುಂಡನ್ನು ಮೆಲ್ಲನೆ ಎತ್ತಿದರೆ ಮಣ್ಣು ಹಿಡಿದೆಳೆದಂತೆ ಆಗುವುದೇ ಗುರುತು. ಅಲ್ಲಿಂದ ಮುಂದೆ ದೊಡ್ಡ ಗಿಡದ ಲೆಕ್ಕ.

ನಮ್ಮ ಮಳೆಗಾಲದ ತೇವದ ಗಾಳಿಯಿಂದ ಇಲ್ಲಿ ಒಂದು ಉಪಕಾರವೂ ಇದೆ. ಬೇರಿಲ್ಲದ ತುಂಡು ಬೇಗ ಬತ್ತುವುದಿಲ್ಲ. ತುಂಡು ಹಿಡಿಸುವುದು ಮಾರ್ಚ್‌ಗಿಂತ ಜುಲೈಯಲ್ಲೇ ಸುಲಭ.

ಇಲ್ಲಿ ಹೀಗಾಗಲು ಕಾರಣ

ಇದರ ಸಸ್ಯಶಾಸ್ತ್ರೀಯ ಹೆಸರು ಈಗ ಕ್ಯೂರಿಯೊ ರೌಲಿಯಾನಸ್, ಹಳೆಯ ಹೆಸರು ಸೆನೆಸಿಯೊ ರೌಲಿಯಾನಸ್. ಸೇವಂತಿಗೆ, ಸೂರ್ಯಕಾಂತಿಯ ಕುಟುಂಬದ್ದು. ಹೂ ಬಿಟ್ಟಾಗ ನೋಡಿದರೆ ನಂಬಬಹುದು: ಬಿಳಿಯ ಕುಚ್ಚಿನಂಥ ಹೂ, ದಾಲ್ಚಿನ್ನಿಯ ಪರಿಮಳ. ತವರು ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್ ಪ್ರಾಂತ್ಯದ ಒಣ ಭಾಗಗಳು. ಅಲ್ಲಿ ಪೊದೆಗಳ, ಬಂಡೆಗಳ ನೆರಳಿನಲ್ಲಿ ಚಾಪೆಯ ಹಾಗೆ ನೆಲದ ಮೇಲೆ ಹರಡುತ್ತದೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ನಮ್ಮಲ್ಲಿ ಜುಲೈ ಒಂದೇ ತಿಂಗಳಲ್ಲಿ ಬೀಳುವುದಕ್ಕಿಂತ ಕಡಿಮೆ.

ಎಲೆ ಗುಂಡಗಿರುವುದೂ ಅದಕ್ಕೇ. ಒಂದೇ ಪ್ರಮಾಣದ ನೀರನ್ನು ಅತಿ ಕಡಿಮೆ ಹೊರಮೈಯೊಳಗೆ ಹಿಡಿದಿಡುವ ಆಕಾರ ಗೋಳ. ಹೊರಮೈ ಕಡಿಮೆಯಾದರೆ ಆವಿಯಾಗಿ ಹೋಗುವ ನೀರೂ ಕಡಿಮೆ. ಆದರೆ ಬೆಳಕು ಹಿಡಿಯುವ ಜಾಗವೂ ಕಡಿಮೆಯಾಗುತ್ತದೆ. ಆ ಕೊರತೆ ನೀಗಲು ಪ್ರತಿ ಮಣಿಯ ಮೇಲೂ ಕಡುಹಸಿರು ಗೆರೆಯ ಹಾಗೆ ಕಾಣುವ ಪಾರದರ್ಶಕ ಸೀಳು ಇದೆ. ಅದು ಕಿಟಕಿಯಂತೆ ಕೆಲಸ ಮಾಡುತ್ತದೆ, ಬೆಳಕು ಅದರ ಮೂಲಕ ಮಣಿಯ ಒಳಗೋಡೆಯನ್ನು ತಲುಪುತ್ತದೆ. ಈ ಕಿಟಕಿಯನ್ನು ನೆನಪಿಡಿ, ನೀರಿನ ಲೆಕ್ಕಕ್ಕೆ ಮುಂದೆ ಬೇಕಾಗುತ್ತದೆ.

ಇಷ್ಟು ಬಿಗಿಯಾಗಿ ನೀರು ಉಳಿಸುವ ಗಿಡವನ್ನು ನಮ್ಮ ಹವೆಯಲ್ಲಿ ಇಟ್ಟರೆ ಅದು ನೀರು ಖರ್ಚು ಮಾಡುವುದೇ ಇಲ್ಲ ಎನ್ನಬೇಕು. ಗಾಳಿ ನೀರನ್ನು ಎಷ್ಟು ಬಲವಾಗಿ ಹೀರುತ್ತದೆ ಎಂಬುದು ಅದರ ಉಷ್ಣತೆ ಮತ್ತು ಅದರಲ್ಲಿ ಈಗಾಗಲೇ ಇರುವ ತೇವ ಎರಡನ್ನೂ ಅವಲಂಬಿಸಿದೆ. ಜನವರಿ ಮಧ್ಯಾಹ್ನ 32 ಡಿಗ್ರಿ, ತೇವಾಂಶ ಶೇ. 50 ಇದ್ದಾಗ ಗಾಳಿಯ ಹೀರುವ ಬಲ ಸುಮಾರು 2.4 ಕಿಲೊಪಾಸ್ಕಲ್ (ಒತ್ತಡದ ಅಳತೆ). ಜುಲೈಯ ಮಳೆಯ ದಿನ 27 ಡಿಗ್ರಿ, ಶೇ. 90 ತೇವ ಇದ್ದಾಗ ಅದು 0.36ಕ್ಕೆ ಇಳಿಯುತ್ತದೆ. ಆರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ. ಅಂದರೆ ಜನವರಿಯಲ್ಲಿ ಒಂದು ವಾರದಲ್ಲಿ ಒಣಗುವ ಚಟ್ಟಿ ಜುಲೈಯಲ್ಲಿ ಒಂದು ತಿಂಗಳಾದರೂ ಹಸಿಯಾಗಿಯೇ ಇರಬಹುದು. ‘ವಾರಕ್ಕೊಮ್ಮೆ’ ಎಂಬ ಮಾತು ಬೆಂಗಳೂರಿನ ಒಣ ಹವೆಗೆ ಸರಿಹೋದೀತು. ಇಲ್ಲಿ ಅದು ವರ್ಷದ ಎರಡು ಮೂರು ತಿಂಗಳಿಗಷ್ಟೇ ನಿಜ.

ಮೇ ತಿಂಗಳಲ್ಲಿ ಸೆಕೆಯಾಗುತ್ತದೆ ಎಂದು ನೀರು ಹೆಚ್ಚಿಸಿದ್ದು ಎರಡನೆಯ ತಪ್ಪು. ನಮಗೆ ಸೆಕೆಯಾಗುವುದು ಬೆವರು ಆರದೆ ಇರುವುದರಿಂದ. ಬೆವರು ಆರದ ಹವೆಯಲ್ಲಿ ಚಟ್ಟಿಯ ಮಣ್ಣೂ ಬೇಗ ಆರುವುದಿಲ್ಲ. ಮೇಲಾಗಿ ರಸಭರಿತ ಗಿಡಗಳಲ್ಲಿ ಬಹಳಷ್ಟು ಹಗಲು ಎಲೆಯ ರಂಧ್ರ ಮುಚ್ಚಿ ರಾತ್ರಿ ತೆರೆಯುತ್ತವೆ. ಅವುಗಳಿಗೆ ತಂಪು ರಾತ್ರಿ ಬೇಕು. ನಮ್ಮ ಏಪ್ರಿಲ್-ಮೇ ತಿಂಗಳ ರಾತ್ರಿ 25 ಡಿಗ್ರಿಗಿಂತ ಬಹಳ ಕೆಳಗೆ ಇಳಿಯುವುದೇ ಅಪರೂಪವಾದ್ದರಿಂದ ಆಗ ಬೆಳವಣಿಗೆ ನಿಧಾನವಾಗುತ್ತದೆ, ಬೇರು ನೀರು ಎಳೆಯುವುದು ಕಡಿಮೆಯಾಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕರಗಿರುವ ಆಮ್ಲಜನಕವೂ ಕಡಿಮೆ. ಬಿಸಿ, ಹಸಿ, ಉಸಿರುಗಟ್ಟಿದ ಮಣ್ಣು ಬೇರು ಕೊಳೆಗೆ ಹೇಳಿ ಮಾಡಿಸಿದ ಜಾಗ.

ಮಲ್ಲಿಗೆ ಬೆಳೆಯುವ ಊರಿನವರಿಗೆ ಇದು ಕೈಗೆ ಒಗ್ಗದ ಲೆಕ್ಕ ಎಂದು ಗೊತ್ತು. ಶಂಕರಪುರದ ಮಲ್ಲಿಗೆಗೆ ಬೇಸಗೆಯಲ್ಲಿ ನೀರು ತಪ್ಪಿದರೆ ಮೊಗ್ಗು ತಪ್ಪುತ್ತದೆ. ಈ ಗಿಡದ ಮುಂದೆ ಆ ಅಭ್ಯಾಸವನ್ನು ಪೂರ್ತಿ ಬದಿಗಿಡಬೇಕು.

ಮಣ್ಣು ಮತ್ತು ಚಟ್ಟಿ ಸರಿಯಾದರೆ ಅರ್ಧ ಕೆಲಸ ಮುಗಿದಂತೆ

ನರ್ಸರಿಯ ಚಟ್ಟಿಯಲ್ಲಿ ಇರುವುದು ಹೆಚ್ಚಾಗಿ ಬರಿಯ ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಹುಡಿ. ದೂರದ ಊರಿಂದ ಲಾರಿಯಲ್ಲಿ ಬರುವ ಗಿಡಕ್ಕೆ ಅದು ಹಗುರ, ನೀರು ಹಿಡಿಯುತ್ತದೆ, ಮಾರುವವರೆಗೆ ಗಿಡ ಚೆನ್ನಾಗಿರುತ್ತದೆ. ನಮ್ಮ ಮಳೆಗಾಲಕ್ಕೆ ಅದು ಆಗುವುದಿಲ್ಲ. ಹಿತ್ತಿಲಿನ ಕೆಂಪು ಮಣ್ಣೂ ಬೇಡ. ಅದರ ನಯವಾದ ಜೇಡಿ ನಾಲ್ಕು ಸಲ ನೀರು ಹಾಕುವುದರೊಳಗೆ ಒತ್ತಿಕೊಂಡು ಗಾಳಿಯಾಡುವ ಸಂದುಗಳನ್ನೆಲ್ಲ ಮುಚ್ಚುತ್ತದೆ.

ಬೇಕಾದ್ದು ನಮ್ಮ ಊರಿನಲ್ಲೇ ಇದೆ: ಒಡೆದ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮೊದಲ ಹಂಚಿನ ಕಾರ್ಖಾನೆ ಆರಂಭಿಸಿದಲ್ಲಿಂದ ಇಲ್ಲಿನ ಮನೆಗಳ ಹಿಂದೆ ಹಳೆ ಹಂಚಿನ ರಾಶಿ ಇಲ್ಲದ ಕಾಲ ಇರಲಿಲ್ಲ. ಸುಟ್ಟ ಜೇಡಿಯಾದ್ದರಿಂದ ಹಂಚಿನ ಚೂರು ಒಳಗೆ ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಚೂರುಗಳ ನಡುವೆ ಗಾಳಿಯಾಡುತ್ತದೆ, ವರ್ಷ ಕಳೆದರೂ ಕರಗಿ ಕೆಸರಾಗುವುದಿಲ್ಲ. ದುಡ್ಡು ಕೊಟ್ಟು ತರುವ ಪರ್ಲೈಟ್, ಪ್ಯೂಮಿಸ್‌ಗಿಂತ ಇದು ನಮ್ಮಲ್ಲಿ ಕಡಿಮೆಯೇನಲ್ಲ. ಗೋಣಿಚೀಲದಲ್ಲಿ ಹಾಕಿ ಸುತ್ತಿಗೆಯಿಂದ ಜಜ್ಜಿ. ಕಣ್ಣಿಗೆ ಚೂರು ಹಾರದಂತೆ ಚೀಲದ ಬಾಯಿ ಕಟ್ಟಿ. ಕಡಲೆಬೇಳೆಯಿಂದ ಬಟಾಣಿಯವರೆಗಿನ ಗಾತ್ರದ ಚೂರು, ಅಂದರೆ 4ರಿಂದ 7 ಮಿಲಿಮೀಟರಿನದು, ಬೇಕು. ಹುಡಿಯನ್ನು ಜರಡಿಯಲ್ಲಿ ಗಾಳಿಸಿ ತೆಗೆದುಬಿಡಿ. ಇದು ಬಹಳ ಮುಖ್ಯ, ಹುಡಿ ಉಳಿದರೆ ಅದೇ ಹೋಗಿ ಸಂದು ಮುಚ್ಚುತ್ತದೆ. ಉಳಿದ ಚೂರನ್ನು ಒಮ್ಮೆ ತೊಳೆಯಿರಿ.

ಪ್ರಮಾಣ ಹೀಗೆ: ಹಂಚಿನ ಚೂರು ಮೂರು ಪಾಲು, ತೊಳೆದು ಹಿಂಡಿದ ಕೋಕೋಪೀಟ್ ಒಂದು ಪಾಲು, ಎರೆಗೊಬ್ಬರ ಅರ್ಧ ಪಾಲು, ಇದ್ದಿಲ ಚೂರು ಅರ್ಧ ಪಾಲು. 4 ಇಂಚಿನ ಚಟ್ಟಿಗೆ ಒಟ್ಟು ಅರ್ಧ ಲೀಟರ್ ಮಿಶ್ರಣ ಸಾಕು. ಹಂಚು ಸಿಗದಿದ್ದರೆ ದಪ್ಪ ಹೊಯಿಗೆ (ಮರಳು) ಅಥವಾ ಸಣ್ಣ ಜಲ್ಲಿ ಆಗುತ್ತದೆ. ಆದರೆ ಹೊಳೆಯ ಹೊಯಿಗೆ ಮಾತ್ರ. ಕಡಲಬದಿಯ ಹೊಯಿಗೆಯಲ್ಲಿ ಉಪ್ಪಿರುತ್ತದೆ, ಕಣವೂ ತೀರ ನಯ. ತರಕಾರಿಗೆ ಹಾಕುವ ಸುಡುಮಣ್ಣನ್ನು ಇದಕ್ಕೆ ಸೇರಿಸಬೇಡಿ, ಅದರ ಬೂದಿ ನೀರು ಬಿದ್ದಾಗ ಅಂಟಾಗುತ್ತದೆ.

ಚಟ್ಟಿ ಮಣ್ಣಿನದೇ ಇರಲಿ. 4 ಇಂಚು ಅಗಲ, 3 ಇಂಚು ಆಳ ಸಾಕು. ಈ ಗಿಡದ ಬೇರು 5ರಿಂದ 8 ಸೆಂಟಿಮೀಟರಿಗಿಂತ ಕೆಳಗೆ ಹೋಗುವುದು ಕಡಿಮೆ. ಬೇರು ಮುಟ್ಟದ ಮಣ್ಣಿನ ನೀರು ಹೀರಲು ಯಾರೂ ಇಲ್ಲದೆ ಅಲ್ಲೇ ಉಳಿಯುತ್ತದೆ. ಪ್ಲಾಸ್ಟಿಕ್ ತೂಗುಚಟ್ಟಿಯೇ ಬೇಕೆಂದಾದರೆ ಅದರ ಅಡಿಗೆ ಅಂಟಿಕೊಂಡಿರುವ ತಟ್ಟೆಯನ್ನು ಕಿತ್ತು ತೆಗೆಯಿರಿ. ಕೊಕ್ಕೆಯಲ್ಲಿ ತೂಗುವಾಗ ಆ ತಟ್ಟೆಯಲ್ಲಿ ನಿಂತ ನೀರು ಯಾರ ಕಣ್ಣಿಗೂ ಬೀಳುವುದಿಲ್ಲ.

ಚಟ್ಟಿಯ ತಳಕ್ಕೆ ಜಲ್ಲಿ ಹಾಸಿ ಮೇಲೆ ಮಣ್ಣು ತುಂಬುವ ವಾಡಿಕೆ ಮನೆಮನೆಯಲ್ಲೂ ಇದೆ. ನೀರು ಬಸಿಯಲು ಒಳ್ಳೆಯದು ಎಂಬ ನಂಬಿಕೆ. ವಾಸ್ತವದಲ್ಲಿ ಅದು ತೊಂದರೆ ಕೊಡುತ್ತದೆ. ನಯವಾದ ಮಣ್ಣಿನಿಂದ ದೊಡ್ಡ ಸಂದುಗಳಿರುವ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣು ಪೂರ್ತಿ ನೆಂದು ಸಾಕಾಗಿ ಉಕ್ಕಿದ್ದು ಮಾತ್ರ ಕೆಳಗೆ ಬೀಳುತ್ತದೆ. ಪ್ರತಿ ಚಟ್ಟಿಯ ತಳದಲ್ಲೂ ಹೀಗೆ ಬಸಿಯದೆ ಉಳಿಯುವ ಹಸಿ ಪದರ ಒಂದಿರುತ್ತದೆ. ಜಲ್ಲಿ ಹಾಸಿದರೆ ಆ ಪದರ ಜಲ್ಲಿಯ ಮೇಲೆ, ಬೇರಿಗೆ ಇನ್ನಷ್ಟು ಹತ್ತಿರಕ್ಕೆ ಬರುತ್ತದೆ. ತಳದಿಂದ ಬಾಯಿಯವರೆಗೆ ಒಂದೇ ಮಿಶ್ರಣ ತುಂಬಿ. ತೂತಿಗೆ ಸೊಳ್ಳೆಪರದೆಯ ತುಂಡು ಒಂದು ಸಾಕು.

ಹಸಿ ಪದರವನ್ನು ಇನ್ನೂ ಬರಿದು ಮಾಡಲು ಒಂದು ಉಪಾಯ ಇದೆ. ಪೆನ್ಸಿಲ್ ದಪ್ಪದ ನೈಲಾನ್ ಹಗ್ಗದ ತುಂಡನ್ನು ತೂತಿನ ಮೂಲಕ ಒಳಗೆ 4 ಸೆಂಟಿಮೀಟರ್, ಹೊರಗೆ 8-10 ಸೆಂಟಿಮೀಟರ್ ಇಳಿಬೀಳುವ ಹಾಗೆ ಇಟ್ಟು ಮಣ್ಣು ತುಂಬಿ. ದೀಪದ ಬತ್ತಿ ಎಣ್ಣೆಯನ್ನು ಮೇಲೆಳೆಯುವಂತೆ ಇದು ತಳದ ನೀರನ್ನು ಕೆಳಗೆಳೆದು ತೊಟ್ಟಿಕ್ಕಿಸುತ್ತದೆ. ಹತ್ತಿಯ ಬತ್ತಿ ಬೇಡ, ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ.

ಮಣ್ಣಿನ ಮಟ್ಟ ಚಟ್ಟಿಯ ಬಾಯಿಯಿಂದ 1 ಸೆಂಟಿಮೀಟರ್ ಮಾತ್ರ ಕೆಳಗಿರಲಿ. ತಗ್ಗಿನಲ್ಲಿ ನೆಟ್ಟರೆ ಮೇಲ್ಭಾಗದ ಮಣಿಗಳು ಬಾವಿಯೊಳಗೆ ಕುಳಿತಂತೆ ಗಾಳಿ ಬೆಳಕಿಲ್ಲದೆ ಹಸಿ ಮಣ್ಣಿಗೆ ಒತ್ತಿಕೊಂಡಿರುತ್ತವೆ. ಕೊಳೆ ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ, ನಿಮ್ಮ ಗಿಡದಲ್ಲೂ ಮೇಲ್ಭಾಗವೇ ಮೊದಲು ಹೋದದ್ದು.

ನೀರು ಬೇಕೋ ಬೇಡವೋ ತಿಳಿಯುವುದು

ಕ್ಯಾಲೆಂಡರ್ ನೋಡಿ ನೀರು ಹಾಕುವುದನ್ನು ಬಿಡಿ. ಮೂರು ಪರೀಕ್ಷೆ ಇವೆ, ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ನೀರು.

ಮೊದಲನೆಯದು ತೂಕ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಇದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ. ನೀರು ಹಾಕಿ ಅರ್ಧ ಗಂಟೆ ಬಸಿದ ಮೇಲೆ ಒಮ್ಮೆ ತೂಗಿ ಬರೆದಿಡಿ. ಆಮೇಲೆ ಎರಡು ದಿನಕ್ಕೊಮ್ಮೆ ತೂಗುತ್ತಾ ಹೋಗಿ. ತೂಕ ಇಳಿಯುವುದು ನಿಂತಾಗ ಅದು ಒಣ ತೂಕ. ಉದಾಹರಣೆಗೆ ಬಸಿದ ಮೇಲೆ 560 ಗ್ರಾಂ, ಒಣಗಿದಾಗ 440 ಗ್ರಾಂ ಬಂತೆನ್ನಿ. ಚಟ್ಟಿ ಹಿಡಿಯುವ ನೀರು 120 ಗ್ರಾಂ. ತೂಕ 450ರ ಆಸುಪಾಸಿಗೆ ಇಳಿದಾಗ ನೀರು ಹಾಕಬೇಕು, ಅದಕ್ಕಿಂತ ಮೊದಲು ಬೇಡ. ಒಮ್ಮೆ ಈ ಎರಡು ಅಂಕಿ ತಿಳಿದರೆ ಯಾವ ಋತುವಿನಲ್ಲೂ ಊಹಿಸುವ ಅಗತ್ಯವಿಲ್ಲ. ಕೆಲವು ಸಲ ತೂಗಿದ ಮೇಲೆ ಕೈಗೇ ಅಂದಾಜು ಸಿಗುತ್ತದೆ.

ಎರಡನೆಯದು ಹಿಡಿಸೂಡಿ ಕಡ್ಡಿ. ಒಣ ಕಡ್ಡಿಯನ್ನು ಬದಿಯಿಂದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಂಪು ಅನ್ನಿಸಿದರೆ ಒಳಗೆ ತೇವ ಇದೆ. ಬೆರಳಿಗಿಂತ ಕೆನ್ನೆಗೆ ತೇವ ಬೇಗ ತಿಳಿಯುತ್ತದೆ. ಮೇಲಿನ ಮಣ್ಣು ಒಣಗಿದ್ದು ನೋಡಿ ಮೋಸ ಹೋಗಬೇಡಿ, ತಳ ಯಾವಾಗಲೂ ಕೊನೆಗೆ ಒಣಗುತ್ತದೆ.

ಮೂರನೆಯದು ಮಣಿ. ಆಗ ಹೇಳಿದ ಕಿಟಕಿಯನ್ನು ನೋಡಿ. ಗಿಡದಲ್ಲಿ ನೀರು ತುಂಬಿದ್ದಾಗ ಆ ಗೆರೆ ಅಗಲವಾಗಿ, ಸ್ಪಷ್ಟವಾಗಿ ಕಾಣುತ್ತದೆ. ನೀರು ಕಡಿಮೆಯಾಗುತ್ತಾ ಬಂದಂತೆ ಅದು ಕಿರಿದಾಗಿ, ತುಟಿ ಮುಚ್ಚಿದಂತೆ ಒಳಗೆ ಮಡಚಿಕೊಳ್ಳುತ್ತದೆ. ಸುಕ್ಕು ಕಾಣುವುದಕ್ಕಿಂತ ಕೆಲವು ದಿನ ಮೊದಲೇ ಇದು ಕಾಣುತ್ತದೆ. ಜೊತೆಗೆ ಒಂದು ಮಣಿಯನ್ನು ಎರಡು ಬೆರಳ ನಡುವೆ ಹಗುರವಾಗಿ ಒತ್ತಿ. ಹಸಿ ಬಟಾಣಿಯಂತೆ ಗಟ್ಟಿ ಇದ್ದರೆ ನೀರು ಬೇಡ, ಮಾಗಿದ ದ್ರಾಕ್ಷಿಯಂತೆ ಸ್ವಲ್ಪ ಬಗ್ಗಿದರೆ ಸಮಯವಾಯಿತು. ಚಟ್ಟಿಯ ಹತ್ತಿರದ ಮಣಿಗಳಲ್ಲಿ ನೋಡಿ, ಎಳೆಯ ತುದಿಯಲ್ಲಿ ಬೇಡ.

ಅನುಮಾನ ಬಂದರೆ ಮೂರು ದಿನ ಕಾಯಿರಿ. ಬಾಯಾರಿದ ಗಿಡ ಚೇತರಿಸಿಕೊಳ್ಳುತ್ತದೆ, ಕೊಳೆತದ್ದು ಇಲ್ಲ.

ಹಾಕುವ ಕ್ರಮ

ಅರ್ಧ ಲೋಟದ ಲೆಕ್ಕವೇ ಸರಿಯಲ್ಲ. ಸ್ವಲ್ಪ ಸ್ವಲ್ಪ ಪದೇ ಪದೇ ಹಾಕಿದರೆ ಬೇರಿರುವ ಮೇಲಿನ 5 ಸೆಂಟಿಮೀಟರ್ ಎಂದೂ ಒಣಗುವುದಿಲ್ಲ, ನೀರಿನಲ್ಲಿರುವ ಲವಣ ತೊಳೆದು ಹೋಗುವುದೂ ಇಲ್ಲ. ಹಾಕುವಾಗ ಪೂರ್ತಿ ಹಾಕಿ, ಆಮೇಲೆ ಪೂರ್ತಿ ಒಣಗಲು ಬಿಡಿ.

ಬೆಳಗ್ಗೆ 9 ಗಂಟೆಯೊಳಗೆ ಹಾಕಿ, ಹಗಲಿನ ಗಾಳಿಗೆ ಮೇಲ್ಭಾಗ ಆರುತ್ತದೆ. ಮೂತಿ ಸಣ್ಣಗಿರುವ ಸಾಸ್ ಬಾಟಲಿ ಒಂದಿದ್ದರೆ ಅನುಕೂಲ. ಎಳೆಗಳನ್ನು ಬದಿಗೆ ಸರಿಸಿ ಮಣಿಗೆ ತಾಗದಂತೆ ಚಟ್ಟಿಯ ಅಂಚಿನ ಸುತ್ತ ನಿಧಾನವಾಗಿ ಬಿಡಿ. 4 ಇಂಚಿನ ಚಟ್ಟಿಗೆ ಮೊದಲು 100 ಮಿಲಿಲೀಟರ್. ಎರಡು ನಿಮಿಷ ಬಿಟ್ಟು ಇನ್ನೊಂದು 80-100 ಮಿಲಿಲೀಟರ್. ಎರಡನೆಯ ಸಲದ್ದರಲ್ಲಿ ಅರ್ಧದಷ್ಟಾದರೂ ತೂತಿನಿಂದ ಹೊರಗೆ ಬರಬೇಕು. ಅರ್ಧ ಗಂಟೆ ಬಸಿಯಲು ಬಿಟ್ಟು ಮತ್ತೆ ಕೊಕ್ಕೆಗೆ ಹಾಕಿ. 6 ಇಂಚಿನ ಚಟ್ಟಿಗೆ ಒಟ್ಟು 500-600 ಮಿಲಿಲೀಟರ್ ಬೇಕಾಗುತ್ತದೆ.

ಇನ್ನೂ ಕೋಕೋಪೀಟಿನಲ್ಲೇ ಇರುವ ಗಿಡಕ್ಕೆ ಬೇರೆ ಕ್ರಮ. ಕೋಕೋಪೀಟ್ ಪೂರ್ತಿ ಒಣಗಿದಾಗ ಕುಗ್ಗಿ ಚಟ್ಟಿಯ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಮೇಲಿನಿಂದ ಹಾಕಿದ ನೀರು ಆ ಸಂದಿನಿಂದ ಸುರಿದು ಹೋಗಿ ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ಡಿಸೆಂಬರ್-ಜನವರಿಯಲ್ಲಿ ನೀರು ಹಾಕುತ್ತಲೇ ಇದ್ದರೂ ಮಣಿ ಸುಕ್ಕಾಗುವುದಕ್ಕೆ ಇದು ಕಾರಣ. ಆಗ 2 ಸೆಂಟಿಮೀಟರ್ ನೀರಿರುವ ತಟ್ಟೆಯಲ್ಲಿ ಚಟ್ಟಿಯನ್ನು 15 ನಿಮಿಷ ಕೂರಿಸಿ, ಕೆಳಗಿನಿಂದ ಹೀರಿಕೊಳ್ಳಲಿ. ಹಂಚಿನ ಚೂರಿನ ಮಿಶ್ರಣದಲ್ಲಿ ನೀರು ಹೀಗೆ ಮೇಲಕ್ಕೆ ಏರುವುದಿಲ್ಲ, ಅದಕ್ಕೆ ಮೇಲಿನಿಂದಲೇ ಹಾಕಬೇಕು. ಸ್ಪ್ರೇ ಬಾಟಲಿಯಿಂದ ಮಣಿಗೆ ನೀರು ಚಿಮುಕಿಸುವುದಂತೂ ನಮ್ಮ ಹವೆಗೆ ಬೇಡವೇ ಬೇಡ.

ನೀರು ಯಾವುದು ಎಂಬುದಕ್ಕೆ ಬಹಳ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಮುರಕಲ್ಲಿನ ನೆಲದ ಬಾವಿಯ ನೀರು, ಶೇಖರಿಸಿದ ಮಳೆನೀರು, ಉಡುಪಿಗೆ ಬಜೆಯಿಂದಲೂ ಮಂಗಳೂರಿಗೆ ತುಂಬೆಯಿಂದಲೂ ಬರುವ ನಳ್ಳಿ ನೀರು, ಎಲ್ಲವೂ ಆಗುತ್ತವೆ. ಒಂದೇ ಎಚ್ಚರಿಕೆ: ಅಳಿವೆ, ಕಡಲಿನ ಹತ್ತಿರದ ಬಾವಿಗಳಿಗೆ ಏಪ್ರಿಲ್-ಮೇ ತಿಂಗಳಲ್ಲಿ ಉಪ್ಪು ನುಗ್ಗುತ್ತದೆ. ಬಾಯಿಗೆ ಉಪ್ಪು ತಿಳಿದರೆ ಗಿಡಕ್ಕೂ ಹಾಕಬೇಡಿ. ಫ್ರಿಜ್ ನೀರು, ತೊಟ್ಟಿಯಲ್ಲಿ ಬಿಸಿಲಿಗೆ ಕಾದ ನೀರು ಎರಡೂ ಬೇಡ.

ವರ್ಷದ ಅಂದಾಜು

ಕೆಳಗಿನದು ಹಂಚಿನ ಮಿಶ್ರಣ, 4 ಇಂಚಿನ ಮಣ್ಣಿನ ಚಟ್ಟಿ, ಬೆಳಕು ಚೆನ್ನಾಗಿರುವ ಜಾಗಕ್ಕೆ. ಅಂದಾಜು ಮಾತ್ರ, ತಕ್ಕಡಿ ಹೇಳಿದ್ದೇ ಕೊನೆಯ ಮಾತು.

ನವರಾತ್ರಿ ಕಳೆದು ಮಳೆ ಹಿಂದೆ ಸರಿದ ಮೇಲೆ ದೀಪಾವಳಿಯ ತನಕ 12ರಿಂದ 15 ದಿನಕ್ಕೊಮ್ಮೆ. ಮೋಡ ಸರಿದು ಒಮ್ಮೆಲೇ ಬಿಸಿಲು ಚುರುಕಾಗುವ ಕಾಲವಿದು, ಹಾಗಾಗಿ ನೆರಳಿನಲ್ಲಿದ್ದ ಗಿಡವನ್ನು ಹತ್ತು ದಿನ ತೆಗೆದುಕೊಂಡು ಮೆಲ್ಲನೆ ಬೆಳಕಿಗೆ ತನ್ನಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೂಡಣ ಗಾಳಿ, ತಂಪು ರಾತ್ರಿ. ಗಿಡ ನಿಜವಾಗಿ ಬೆಳೆಯುವ ಕಾಲ ಇದೇ. ಆಗ 7ರಿಂದ 9 ದಿನಕ್ಕೊಮ್ಮೆ. ಗೊಬ್ಬರ ಕೊಡುವುದಿದ್ದರೆ ಈಗಲೇ, 19:19:19 ಲೀಟರಿಗೆ ಅರ್ಧ ಗ್ರಾಂ ಕರಗಿಸಿ ತಿಂಗಳಿಗೊಮ್ಮೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಕಾಂಡ ಬಡಕಲಾಗಿ ಉದ್ದಕ್ಕೆ ಓಡುತ್ತದೆ. ಮಾರ್ಚ್‌ನಿಂದ ಮೇ ಮಧ್ಯದವರೆಗೆ 9ರಿಂದ 12 ದಿನ. ಮಧ್ಯಾಹ್ನದ ಬಿಸಿಲಿನಿಂದ ಒಳಗೆ ಸರಿಸಿ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ಕೊನೆಯ ವಾರ, ಚಟ್ಟಿಯನ್ನು ಎರಚಲು ತಾಗದ ಜಾಗಕ್ಕೆ ಬದಲಿಸಿ. ನಮ್ಮ ಮಳೆ ಪಡುವಣದಿಂದ ಬೀಸಿ ಬರುವುದರಿಂದ ಮನೆಯ ಮೂಡು ಅಥವಾ ಬಡಗು ಬದಿ ಕ್ಷೇಮ. ಜೂನ್‌ನಲ್ಲಿ 15-20 ದಿನಕ್ಕೊಮ್ಮೆ. ಜುಲೈ-ಆಗಸ್ಟ್‌ನಲ್ಲಿ 25-30 ದಿನಕ್ಕೊಮ್ಮೆ, ಅದೂ ಅರ್ಧ ಪ್ರಮಾಣ, ಎಡೆಬಿಸಿಲು ಬಂದ ದಿನ ನೋಡಿ. ಮಣಿ ಗಟ್ಟಿ ಇದ್ದರೆ ಇಡೀ ತಿಂಗಳು ನೀರಿಲ್ಲದಿದ್ದರೂ ಏನೂ ಆಗುವುದಿಲ್ಲ. ಈ ಎರಡು ತಿಂಗಳಲ್ಲಿ ದಿನಕ್ಕೆ ಮೂರು ನಾಲ್ಕು ಗಂಟೆ ಫ್ಯಾನಿನ ನಿಧಾನ ಗಾಳಿ ಸಿಕ್ಕಿದರೆ ಬಹಳ ಉಪಕಾರ. ಎಲೆಯ ಸುತ್ತ, ಮಣ್ಣಿನ ಮೇಲೆ ನಿಂತ ತೇವದ ಗಾಳಿಯನ್ನು ಅದು ಸರಿಸುತ್ತದೆ. ಎಸಿ ಇರುವ ಕೋಣೆಯಲ್ಲಿ ಲೆಕ್ಕ ಬೇರೆ, ಅಲ್ಲಿ ಗಾಳಿ ಒಣಗುವುದರಿಂದ ಮಳೆಗಾಲದಲ್ಲೂ 12-15 ದಿನಕ್ಕೆ ನೀರು ಬೇಕಾದೀತು.

ಬೆಳಕಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿಟೌಟಿನ ಮಾಡಿನ ಕೊಕ್ಕೆ ಈ ಗಿಡಕ್ಕೆ ತೀರ ಎತ್ತರ. ಎಳೆಗಳಿಗೆ ಬೆಳಕು ಸಿಗುತ್ತದೆ, ಚಟ್ಟಿಯ ಬಾಯಿ ಕತ್ತಲಲ್ಲಿ ಇರುತ್ತದೆ. ಬೆಳಕು ಬೀಳದ ಮೇಲ್ಭಾಗ ಬೋಳಾಗುತ್ತದೆ, ಮಣ್ಣು ಒಣಗುವುದಿಲ್ಲ. ಕಣ್ಣಿನ ಮಟ್ಟಕ್ಕೆ ಇಳಿಸಿ, ಬೆಳಗಿನ ಎರಡು ಮೂರು ಗಂಟೆ ಎಳೆಬಿಸಿಲು ಚಟ್ಟಿಯ ಬಾಯಿಗೇ ಬೀಳುವಂತೆ ಇಡಿ.

ಕೆಳಗೆ ಇಳಿಸಿದ ಮೇಲೆ ಮಕ್ಕಳು, ಬೆಕ್ಕು, ನಾಯಿ ಇರುವ ಮನೆಯಲ್ಲಿ ಜಾಗ್ರತೆ. ಮಣಿ ನೋಡಲು ತಿನ್ನುವ ವಸ್ತುವಿನ ಹಾಗಿದೆ, ಆದರೆ ವಿಷಕಾರಿ. ತಿಂದರೆ ವಾಂತಿ, ಭೇದಿ ಆಗುತ್ತದೆ. ಗಿಡದ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ, ಕತ್ತರಿಸಿದ ಮೇಲೆ ಕೈ ತೊಳೆಯಿರಿ. ಗಿಣ್ಣುಗಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟುತಿಗಣೆ, ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ. ಚಟ್ಟಿಗೆ ಇರುವೆ ಹತ್ತಿದ್ದರೆ ಹಿಟ್ಟುತಿಗಣೆ ಎಲ್ಲೋ ಇರಬಹುದು, ಹುಡುಕಿ ನೋಡಿ.

ಇದೇ ರೀತಿ ಇಳಿಬೀಳುವ ಗಿಡ ಬೇಕು, ಇಷ್ಟು ಜಾಗ್ರತೆ ಮಾಡಲಾಗದು ಎಂದಾದರೆ ಸ್ಟ್ರಿಂಗ್ ಆಫ್ ಬನಾನಾಸ್ ನೆಡಿ. ಇದರ ಹತ್ತಿರದ ಸಂಬಂಧಿ, ಎಲೆ ಬಾಳೆಹಣ್ಣಿನ ಆಕಾರದ್ದು, ಕಾಂಡ ದಪ್ಪ, ತೇವವನ್ನು ಇನ್ನೂ ಚೆನ್ನಾಗಿ ತಡೆಯುತ್ತದೆ. ನೀರಿನ ಕ್ರಮ ಇದರದ್ದೇ. ಮಳೆಗಾಲಕ್ಕೆ ಹೆದರದ ಬಳ್ಳಿ ಬೇಕಿದ್ದರೆ ಹೋಯಾ ಇದೆ. ತೇವದ ಕಾಡಿನ ಮರಗಳ ಮೇಲೆ ಬೆಳೆಯುವ ಗಿಡವಾದ್ದರಿಂದ ನಮ್ಮ ಗಾಳಿ ಅದಕ್ಕೆ ತವರಿನ ಹಾಗೆ.

ನಿಮ್ಮ ತುಂಡುಗಳ ವಿಚಾರಕ್ಕೆ ಬಂದರೆ, ಈ ವಾರ ಮಲಗಿಸಿದ್ದು ಆಗಸ್ಟ್ ಮಧ್ಯಕ್ಕೆ ಬೇರು ಹಿಡಿದಿರುತ್ತದೆ. ಬೇರು ಹಿಡಿದದ್ದು ಖಚಿತವಾದ ದಿನ 100 ಮಿಲಿಲೀಟರ್ ನೀರು ಹಾಕಿ, ಬಸಿದ ಮೇಲೆ ತೂಗಿ, ಆ ಅಂಕಿಯನ್ನು ಚಟ್ಟಿಯ ಹೊರಮೈ ಮೇಲೆಯೇ ಪೆನ್ಸಿಲಿನಿಂದ ಬರೆದಿಡಿ. ಮುಂದಿನ ನೀರು ಹೆಚ್ಚುಕಡಿಮೆ ಚೌತಿಯ ಹೊತ್ತಿಗೆ ಬೇಕಾದೀತು. ಹಳೆಯ ಕೋಕೋಪೀಟನ್ನು ಹೊಸ ಚಟ್ಟಿಗೆ ಸೇರಿಸದೆ ತೆಂಗಿನ ಬುಡಕ್ಕೆ ಹಾಕಿಬಿಡಿ. ಹಳೆಯ ಪ್ಲಾಸ್ಟಿಕ್ ಚಟ್ಟಿಯನ್ನು ಮತ್ತೆ ಉಪಯೋಗಿಸುವುದಿದ್ದರೆ ಸೋಪಿನಿಂದ ತಿಕ್ಕಿ ತೊಳೆದು, ಬಿಸಿಲು ಬಂದಾಗ ಎರಡು ದಿನ ಒಣಗಿಸಿ.